ಬೋರ್ಡು ಕಂಪನಿಯದು, ಕೈ ನಮ್ಮದು



ಹೋದ ವಾರ ನನ್ನ ತಮ್ಮನ ಅಂಗಡಿಯ ಒಂದು ಫೋಟೊ ಹಾಕಿದ್ದೆ. ಕಾರಿನ ಮುಂದಿನ ಗ್ಲಾಸು ರಿಪೇರಿ ಮಾಡೋ, ಹೊಸದು ಕೂರಿಸೋ ಅಂಗಡಿ. ಒಂದು ದೊಡ್ಡ ಕಂಪನಿಯ ಫ್ರಾಂಚೈಸಿ. ಅದಕ್ಕೆ ಇನ್‌ಬಾಕ್ಸಿಗೆ ಎರಡು ಥರದ ಮೆಸೇಜು ಬಂದವು. ಒಂದು, "ಅಕ್ಕಾ, ಚಳವಳಿ ಮನೆಯವರು ಕಂಪನಿ ಬೋರ್ಡು ಹಾಕ್ಕೊಂಡ್ರೆ ನಾವು ಏನಂತ ಅರ್ಥ ಮಾಡ್ಕೋಬೇಕು?" ಇನ್ನೊಂದು, "ಅಕ್ಕಾ, ಎಷ್ಟು ಬಂಡವಾಳ ಬೇಕು, ನನ್ನ ಮಗನಿಗೂ ಆಗುತ್ತಾ?" ಎರಡನೇ ಥರದವೇ ಜಾಸ್ತಿ. ಒಬ್ಬೊಬ್ಬರಿಗೇ ಉತ್ತರ ಬರೆಯೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಓದಿ.

ಅಂಗಡಿ ತಮ್ಮನದು. ನಾನು ಒಂದು ಖಾಸಗಿ ಸಂಸ್ಥೆಯ ಆಫೀಸಿನಲ್ಲಿ ಕ್ಲರ್ಕು. ಸಂಜೆ ಆರರ ಮೇಲೆ, ಭಾನುವಾರ, ಅಂಗಡಿಯ ಲೆಕ್ಕ, ಜಿಎಸ್‌ಟಿ, ಇನ್ಶೂರೆನ್ಸ್ ಕ್ಲೇಮಿನ ಕಾಗದ ನೋಡ್ಕೊಳ್ಳೋದು ನನ್ನ ಪಾಲು. ಇಪ್ಪತ್ತು ವರ್ಷ ಬೇರೆಯವರ ಫೈಲು ನೋಡಿದ ಕೈ, ನಮ್ಮನೆ ಫೈಲು ನೋಡೋಕೆ ಕಷ್ಟ ಆಗಲಿಲ್ಲ.

ತಮ್ಮ ಈ ಕೆಲಸಕ್ಕೆ ಹೇಗೆ ಹೋದ ಅನ್ನೋದನ್ನ ಮೊದಲು ಹೇಳಬೇಕು. 2000ನೇ ಇಸವಿ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಜನ ನಮ್ಮವರನ್ನ ಮನೆಯೊಳಗೆ ಹಾಕಿ ಸುಟ್ಟರು. ನಾನಾಗ ಬಿಎ ಓದ್ತಿದ್ದೆ. ಆ ವರ್ಷ ನಮ್ಮ ಕಡೆ ಕಾಲೋನಿಗಳಲ್ಲಿ ರಾತ್ರಿ ಯಾರೂ ನೆಮ್ಮದಿಯಾಗಿ ಮಲಗಲಿಲ್ಲ. ನಾನು ಪ್ರತಿಭಟನೆಗೆ ಹೋದೆ, ಹೋದವಳು ಚಳವಳಿಯಲ್ಲೇ ಉಳಿದೆ. ತಮ್ಮನಿಗೆ ಹದಿನೇಳು. ನಮ್ಮಪ್ಪ ಅವನಿಗೆ ಹೇಳಿದ್ದು ಒಂದೇ ಮಾತು: "ನೀನು ಇಲ್ಲಿರಬೇಡ." ಯಾರದೋ ಪರಿಚಯ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಕಳಿಸಿದರು. ಗಾಡಿ ಸಾಮಾನಿನ ಅಂಗಡಿಗಳ ಬೀದಿ ಅದು. ಅಲ್ಲಿ ಒಂದು ಗ್ಲಾಸಿನ ಅಂಗಡಿಯಲ್ಲಿ ಕಸ ಗುಡಿಸೋಕೆ ಸೇರಿಕೊಂಡ.

ಕಂಬಾಲಪಲ್ಲಿ ಕೇಸು ಏನಾಯ್ತು ಅಂತ ನಿಮಗೆಲ್ಲ ಗೊತ್ತು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡೀತು. ಏಳು ಜನ ಸತ್ತರು, ಸಾಯಿಸಿದವರು ಮಾತ್ರ ಯಾರೂ ಇಲ್ಲ. ಅಪ್ಪ ಮಗನನ್ನ ಊರು ಬಿಡಿಸಿದ್ದರ ಲೆಕ್ಕ ಈ ಲೆಕ್ಕದ ಜೊತೆಗೇ ಓದಬೇಕು.

ಜೆ.ಸಿ. ರಸ್ತೆಯಲ್ಲಿ, ಆಮೇಲೆ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ಅವನು ಕಳೆದದ್ದು ಇಪ್ಪತ್ತು ವರ್ಷಕ್ಕಿಂತ ಹೆಚ್ಚು. ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೊರಗಿನಿಂದ ನೋಡೋರಿಗೆ "ಗ್ಲಾಸು ತೆಗೀತಾನೆ, ಗ್ಲಾಸು ಹಾಕ್ತಾನೆ" ಅಷ್ಟೇ ಕಾಣೋದು.

ಕಾರಿನ ಮುಂದಿನ ಗ್ಲಾಸು ಒಂದು ಗಾಜಲ್ಲ, ಎರಡು. ಮಧ್ಯೆ ಪಿವಿಬಿ ಅನ್ನೋ ತೆಳು ಪ್ಲಾಸ್ಟಿಕ್ ಪದರ. ಕಲ್ಲು ಬಿದ್ದರೆ ಬಿರುಕು ಬಿಡುತ್ತೆ, ಚೂರು ಮುಖಕ್ಕೆ ಹಾರಲ್ಲ. ಈ ಥರದ ಗಾಜಿಗೆ ಫ್ರಾನ್ಸಿನ ಎದುವಾರ್ ಬೆನೆದಿಕ್ಟಸ್ ಅನ್ನೋರು 1909ರಲ್ಲಿ ಪೇಟೆಂಟ್ ತಗೊಂಡರು. ಪಕ್ಕದ ಕಿಟಕಿ ಗಾಜು ಸಾಮಾನ್ಯವಾಗಿ ಬೇರೆ ಜಾತಿ (ಗಾಜಿನಲ್ಲೂ ಜಾತಿ ಇದೆ ನೋಡಿ, ಆದರೆ ಅದು ಮಾಡೋ ಕೆಲಸದ ಮೇಲೆ ಬಂದದ್ದು). ಅದು ಕಾಯಿಸಿ ಗಟ್ಟಿ ಮಾಡಿದ ಒಂಟಿ ಗಾಜು, ಒಡೆದರೆ ಕಲ್ಲುಸಕ್ಕರೆ ಥರ ಪುಡಿ ಆಗುತ್ತೆ. ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು.

ಮುಂದಿನ ಗ್ಲಾಸಿಗೆ ರಿಪೇರಿ ಇದೆ. ಕಲ್ಲು ಬಡಿದ ಜಾಗ ಐದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಷ್ಟು ಚಿಕ್ಕದಿದ್ದರೆ, ಡ್ರೈವರ್ ಕಣ್ಣಿಗೆ ನೇರ ಬರದಿದ್ದರೆ, ಬಿರುಕು ಅಂಚಿಗೆ ಮುಟ್ಟದಿದ್ದರೆ, ಆ ಗಾಯದೊಳಗಿನ ಗಾಳಿ ಎಳೆದು ರೆಸಿನ್ ತುಂಬಿಸ್ತಾರೆ. ಯುವಿ ಲೈಟ್ ಹಿಡಿದರೆ ಸ್ವಲ್ಪ ಹೊತ್ತಲ್ಲೇ ಗಟ್ಟಿಯಾಗುತ್ತೆ. ಅಮೆರಿಕದ ಮಿನ್ನೆಸೋಟಾದಲ್ಲಿ ನೋವಸ್ ಅನ್ನೋ ಕಂಪನಿ 1972ರಲ್ಲಿ ಇದನ್ನ ಶುರು ಮಾಡಿ, ಮುಂದೆ ಫ್ರಾಂಚೈಸಿ ಕೊಟ್ಟು ಊರೂರಿಗೆ ಹಬ್ಬಿಸಿತು. ಇವತ್ತು ಇಂಡಿಯಾದಲ್ಲೂ ಗಾಜು ತಯಾರಿಸೋ ದೊಡ್ಡ ಕಂಪನಿಗಳೇ ಈ ರಿಪೇರಿ ಧಂದೆಗೆ ಇಳಿದಿವೆ.

ಬದಲಾಯಿಸೋದಾದರೆ ಹಳೇ ಗ್ಲಾಸನ್ನ ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ತಂತಿಯಲ್ಲಿ ಗರಗಸದ ಥರ ಎಳೆದು ಬಿಡಿಸಬೇಕು. ಫ್ರೇಮು ಕ್ಲೀನ್ ಮಾಡಿ ಪ್ರೈಮರ್ ಹಚ್ಚಿ, ಸೀಲೆಂಟ್ ಒಂದೇ ಸಮ ಎಳೆದು, ಹೊಸ ಗ್ಲಾಸು ಒಂದೇ ಸಲಕ್ಕೆ ಕೂರಿಸಬೇಕು. ಆಮೇಲೆ ಸೀಲೆಂಟ್ ಒಣಗೋಕೆ ಬಿಡಬೇಕು. ಇದು ಯಾಕೆ ಮುಖ್ಯ ಅಂದ್ರೆ, ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗು ಬಿಚ್ಚಿಕೊಳ್ಳುವಾಗ ಈ ಗ್ಲಾಸಿಗೇ ಒರಗಿ ನಿಲ್ಲುತ್ತೆ. ಗ್ಲಾಸು ಸರಿಯಾಗಿ ಅಂಟಿರದಿದ್ದರೆ ಏರ್‌ಬ್ಯಾಗಿನ ಹೊಡೆತಕ್ಕೆ ಕಿತ್ತು ಹೋಗುತ್ತೆ, ಜೀವ ಉಳಿಸಬೇಕಾದ್ದು ಉಳಿಸಲ್ಲ. ತಮ್ಮ ಹುಡುಗರಿಗೆ ಹೇಳೋದು: "ನೀನು ಕೂರಿಸ್ತಿರೋದು ಗಾಜಲ್ಲ ಕಣೋ, ಅದರ ಹಿಂದೆ ಕೂತಿರೋ ಮನುಷ್ಯನ್ನ."

ಊರಿಗೆ ವಾಪಸ್ ಬಂದು ಅಂಗಡಿ ಇಡ್ತೀನಿ ಅಂತ ಅವನು ಹೇಳಿದಾಗ ನಾನು ಕೇಳಿದ್ದು, ನಮ್ಮೂರಲ್ಲಿ ಗ್ಲಾಸು ಒಡೆಯುತ್ತಾ ಅಂತ. ಅವನು ನಕ್ಕು, "ಅಕ್ಕಾ, ಒಂದು ದಿನ ಹೈವೇ ಪಕ್ಕ ನಿಂತು ನೋಡು" ಅಂದ. ನೋಡಿದೆ. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಬೆಂಗಳೂರು-ಹೈದರಾಬಾದ್ ರಸ್ತೆ, ಹೆದ್ದಾರಿ 44. ಸುತ್ತ ಬೆಟ್ಟ, ಬೆಟ್ಟದ ಬುಡದಲ್ಲಿ ಕ್ವಾರಿ, ಕ್ರಷರ್. ಬೆಂಗಳೂರಿನ ಕಟ್ಟಡಕ್ಕೆ ಇಲ್ಲಿಂದ ಜಲ್ಲಿ, ಎಂ-ಸ್ಯಾಂಡ್ ಹೋಗುತ್ತೆ. ಎಷ್ಟೋ ಟಿಪ್ಪರುಗಳಿಗೆ ಟಾರ್ಪಾಲಿನ್ ಹೊದಿಸಿರಲ್ಲ. ಹಿಂದೆ ಬರೋ ಕಾರಿಗೆ ಜಲ್ಲಿ ಹಾರುತ್ತೆ. ವಾರದ ಕೊನೆಗೆ ನಂದಿ ಬೆಟ್ಟಕ್ಕೆ ಬರೋ ಬೆಂಗಳೂರಿನವರು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಈಶಾದವರ ಆದಿಯೋಗಿ ಪ್ರತಿಮೆ ಆದ ಮೇಲೆ ಅಲ್ಲಿಗೆ ಬರೋ ಕಾರುಗಳು ಬೇರೆ. ಚಿಂತಾಮಣಿ ಕಡೆಯಿಂದ ಟೊಮ್ಯಾಟೊ ಗಾಡಿ, ಶಿಡ್ಲಘಟ್ಟದಿಂದ ರೇಷ್ಮೆಗೂಡಿನ ಗಾಡಿ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರೋ ಕ್ಯಾಬುಗಳು. ನಮ್ಮ ಕಡೆ ರಸ್ತೆಯಲ್ಲಿ ಗ್ಲಾಸು ಒಡೆಯೋಕೆ ಬರ ಇಲ್ಲ.

ಆ ಜಲ್ಲಿಕಲ್ಲಿನ ಹಿಂದೆ ಯಾರಿದ್ದಾರೆ ಅನ್ನೋದೂ ನಮಗೆ ಗೊತ್ತಿರಬೇಕು. ಕ್ವಾರಿಯಲ್ಲಿ ಕಲ್ಲು ಒಡೆಯೋರು, ಕ್ರಷರಿನ ಧೂಳು ಕುಡಿಯೋರು, ಟಿಪ್ಪರ್ ಓಡಿಸೋರು ಬಹುಪಾಲು ನಮ್ಮ ಥರದ ಮನೆಗಳಿಂದ, ಇಲ್ಲಾ ಬೇರೆ ರಾಜ್ಯಗಳಿಂದ ಬಂದ ಬಡವರು. 2021ರ ಫೆಬ್ರವರಿಯಲ್ಲಿ ಇದೇ ತಾಲ್ಲೂಕಿನ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸ್ಫೋಟ ಆಗಿ ಆರು ಜನ ಸತ್ತರು. ಕಾರಿನವರು ಅಂಗಡಿಗೆ ಬಂದು ಟಿಪ್ಪರ್ ಡ್ರೈವರನ್ನ ಬಾಯಿಗೆ ಬಂದ ಹಾಗೆ ಬೈತಾರೆ. ತಮ್ಮ ಹೇಳ್ತಾನೆ, "ಟ್ರಿಪ್ಪಿಗಿಷ್ಟು ಅಂತ ಕೊಡ್ತಾರೆ ಸಾ, ಟಾರ್ಪಾಲು ಕಟ್ಟೋ ಹೊತ್ತಿಗೂ ದುಡ್ಡು ಕೊಟ್ಟರೆ ಕಟ್ಟಿರೋನು." ಕೆಲವರು ಸುಮ್ಮನಾಗ್ತಾರೆ. ಕೆಲವರು ಇವನನ್ನೇ ಒಂಥರಾ ನೋಡ್ತಾರೆ.

ಈಗ ಮೊದಲನೇ ಪ್ರಶ್ನೆಗೆ ಬರ್ತೀನಿ. ಯಾಕೆ ಫ್ರಾಂಚೈಸಿ? ಕೆಲಸ ಗೊತ್ತಿದ್ದವನು ಸ್ವಂತ ಬೋರ್ಡು ಹಾಕಬಹುದಿತ್ತಲ್ಲ?

ನಮ್ಮ ಕಡೆ ಯಾರಾದರೂ ಹೊಸಾ ಅಂಗಡಿ ಇಟ್ಟರೆ ಜನ ಕೇಳೋ ಮೊದಲ ಪ್ರಶ್ನೆ ರೇಟು ಎಷ್ಟು ಅಂತಲ್ಲ. "ಯಾವೂರಪ್ಪಾ?" ಅಂತ ಕೇಳ್ತಾರೆ. ಊರು ಹೇಳಿದರೆ, "ಊರೊಳಗಾ, ಕಾಲೋನಿನಾ?" ಅಂತಾರೆ. ಅಲ್ಲಿಗೆ ಮುಗೀತು. ಇದು ಹೊಸದೂ ಅಲ್ಲ. ಬಾಬಾಸಾಹೇಬರು ಲಂಡನ್ನಿನಿಂದ ಮೊದಲ ಸಲ ವಾಪಸ್ ಬಂದ ಮೇಲೆ, ಸಿಡೆನ್‌ಹ್ಯಾಮ್ ಕಾಲೇಜಿನ ಕೆಲಸ ಸಿಗೋದಕ್ಕೆ ಮುಂಚೆ, ಮುಂಬೈಯಲ್ಲಿ ಷೇರು ವ್ಯವಹಾರದವರಿಗೆ ಸಲಹೆ ಕೊಡೋ ಒಂದು ಸಣ್ಣ ವ್ಯವಹಾರ ಶುರು ಮಾಡಿದ್ದರು. ಇವರು ಅಸ್ಪೃಶ್ಯರು ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತು ಅದು ಮುಚ್ಚಿಹೋಯಿತು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರ ಸಲಹೆಯೇ ಬೇಡವಾಯ್ತು ಅಂದ ಮೇಲೆ ಜೆ.ಸಿ. ರಸ್ತೆಯಲ್ಲಿ ಕಲಿತವನ ಕೈ ಯಾರಿಗೆ ಬೇಕು?

ಕಂಪನಿ ಬೋರ್ಡಿಗೆ ಊರಿಲ್ಲ, ಕಾಲೋನಿ ಇಲ್ಲ. ಬಣ್ಣ ಇದೆ, ಕಸ್ಟಮರ್ ಕೇರ್ ನಂಬರು ಇದೆ, ಹುಡುಗರಿಗೆ ಯೂನಿಫಾರಂ ಇದೆ. ಗಿರಾಕಿ ಫೋನು ಮಾಡೋದು ಎಲ್ಲೋ ಇರೋ ಕಾಲ್ ಸೆಂಟರಿಗೆ, ಅವರು ನಮ್ಮ ಅಂಗಡಿಗೆ ಕಳಿಸ್ತಾರೆ. ಇನ್ಶೂರೆನ್ಸ್ ಕಂಪನಿಗಳ ಜೊತೆ ಕ್ಯಾಶ್‌ಲೆಸ್ ಒಪ್ಪಂದ ಸಣ್ಣ ಅಂಗಡಿಯವನಿಗೆ ಸುಲಭಕ್ಕೆ ಸಿಗಲ್ಲ, ಕಂಪನಿಗೆ ಸಿಗುತ್ತೆ. ಈ ಎರಡು ಕಾರಣಕ್ಕೆ ನಾವು ಫ್ರಾಂಚೈಸಿ ತಗೊಂಡ್ವಿ. ಜಾತಿಯನ್ನ ಮುಚ್ಚಿಟ್ಟುಕೊಳ್ಳೋಕೆ ಅಲ್ಲ. ಅಂಗಡಿಯೊಳಗೆ ಕೌಂಟರಿನ ಹಿಂದೆ ಬಾಬಾಸಾಹೇಬರ ಫೋಟೊ ಮೊದಲ ದಿನದಿಂದ ಇದೆ. ಬಾಗಿಲು ದಾಟಿ ಒಳಗೆ ಬರೋ ತನಕ ಒಂದು ಅವಕಾಶ ಬೇಕಿತ್ತು, ಅದನ್ನ ಬೋರ್ಡು ಕೊಟ್ಟಿತು.

ಅದಕ್ಕೆ ತೆರೋ ಬೆಲೆಯೂ ಹೇಳ್ತೀನಿ. ಶುರುವಿಗೆ ಫೀಸು, ಡೆಪಾಸಿಟ್ಟು. ತಿಂಗಳ ವ್ಯಾಪಾರದಲ್ಲಿ ರಾಯಲ್ಟಿ. ಗ್ಲಾಸು, ಸೀಲೆಂಟು ಎಲ್ಲಾ ಅವರಿಂದಲೇ, ಅವರು ಹೇಳಿದ ರೇಟಿಗೇ ತಗೋಬೇಕು. ಗೋಡೆ ಬಣ್ಣದಿಂದ ಹಿಡಿದು ನೆಲದ ಟೈಲ್ಸ್ ತನಕ ಅವರ ಲೆಕ್ಕ. ನಷ್ಟ ಆದರೆ ಮಾತ್ರ ಪೂರ್ತಿ ನಮ್ಮದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ತಾಲ್ಲೂಕು ನಮಗೆ ಅಂತ ಬರೆದುಕೊಟ್ಟಿದ್ದರು. ಮೂರು ವರ್ಷದ ಅಗ್ರಿಮೆಂಟು, 2022ರ ಕೊನೆಯಲ್ಲಿ ಸಹಿ ಆಗಿದ್ದು.

ಬೋರ್ಡಿಗೆ ಜಾತಿ ಇರಲಿಲ್ಲ, ಆದರೆ ಬೋರ್ಡು ತಗಲಿಸೋಕೆ ಗೋಡೆ ಬೇಕಲ್ಲ. ಕಟ್ಟಡ ಹುಡುಕೋಕೆ ಐದು ತಿಂಗಳಾಯ್ತು. ಒಬ್ಬರು ಫೋನಲ್ಲಿ ಎಲ್ಲಾ ಮಾತಾಡಿ ಮುಗಿಸಿ, ಅಡ್ವಾನ್ಸ್ ತಗೊಂಡು ಬನ್ನಿ ಅಂದರು. ಹೋದಾಗ ಆಧಾರ್ ಕಾರ್ಡು ಕೇಳಿದರು, ಊರ ಹೆಸರು ಓದಿದರು, ಒಳಗೆ ಹೋಗಿ ಬಂದು "ನಮ್ಮನೇಲಿ ಒಪ್ತಿಲ್ಲ" ಅಂದರು. ಇನ್ನೊಬ್ಬರು ವಾಸ್ತು ಅಂದರು. ಇನ್ನೊಬ್ಬರು ಬಾಡಿಗೆಯನ್ನ ಒಂದೇ ರಾತ್ರಿಗೆ ಡಬಲ್ ಮಾಡಿದರು. ಕೊನೆಗೆ ಕೊಟ್ಟವರು ಶಿಡ್ಲಘಟ್ಟದಲ್ಲಿ ಮೊದಲು ರೀಲಿಂಗ್ ನಡೆಸುತ್ತಿದ್ದ ಒಬ್ಬ ಸಾಬರು. ಚಿಕ್ಕಬಳ್ಳಾಪುರದ ರಸ್ತೆ ಪಕ್ಕ ಅವರದೊಂದು ಶೆಡ್ಡಿತ್ತು. ಅವರು ಕೇಳಿದ್ದು ಎರಡೇ: "ಕರೆಂಟ್ ಬಿಲ್ಲು ಯಾರ ಹೆಸರಲ್ಲಿ? ಬಾಡಿಗೆ ಎಷ್ಟನೇ ತಾರೀಕು?" ಅವರಿಗೂ ಮನೆ ಬಾಡಿಗೆ ಕೇಳಿ ಹೆಸರು ಹೇಳಿದ ಮೇಲೆ ವಾಪಸ್ ಬಂದ ಅನುಭವ ಇತ್ತಂತೆ.

ಇನ್ನು ಬ್ಯಾಂಕು. ಸ್ಟ್ಯಾಂಡ್ ಅಪ್ ಇಂಡಿಯಾ ಅಂತ 2016ರ ಏಪ್ರಿಲ್ 5ಕ್ಕೆ ಶುರುವಾಗಿ 2025ರ ಮಾರ್ಚ್ ತನಕ ಇದ್ದ ಯೋಜನೆ. ಒಂದೊಂದು ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಎಸ್‌ಸಿ ಅಥವಾ ಎಸ್‌ಟಿಗೆ, ಕನಿಷ್ಠ ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತ ಇತ್ತು. ಕಾಗದದಲ್ಲಿ ಎಷ್ಟು ಚೆನ್ನಾಗಿತ್ತು! ನಾವು ಹೋದ ಶಾಖೆಯಲ್ಲಿ ಮೊದಲ ಪ್ರಶ್ನೆ, "ಅಡ ಇಡೋಕೆ ಸೈಟು ಇದೆಯಾ?" ಎರಡನೇದು, "ಗೊತ್ತಿರೋ ಕೆಲಸ ಮಾಡ್ಕೊಂಡಿರೋದು ಬಿಟ್ಟು ಇದೆಲ್ಲಾ ಯಾಕೆ?" ಗೊತ್ತಿರೋ ಕೆಲಸಕ್ಕೇ ಸಾಲ ಕೇಳ್ತಿರೋದು ಅಂತ ಹೇಳಿದರೂ ಕಿವಿಗೆ ಹೋಗಲಿಲ್ಲ. ನಾಲ್ಕು ತಿಂಗಳು ಓಡಾಡಿಸಿ, ಕೊನೆಗೆ ಮುದ್ರಾದ ತರುಣ್ ಅಡಿಯಲ್ಲಿ 10 ಲಕ್ಷ ಬೇರೆ ಬ್ಯಾಂಕಿನಿಂದ ಸಿಕ್ಕಿತು. ಉಳಿದದ್ದು ತಮ್ಮನ ಉಳಿತಾಯ, ನನ್ನ ಚೀಟಿ ದುಡ್ಡು, ಅವನ ಹೆಂಡತಿಯ ಸರ.

ಇಲ್ಲಿ ಒಂದು ಮಾತು. ನಮ್ಮ ಹುಡುಗರಿಗೆ ನಿಗಮಗಳಿಂದ ಟ್ಯಾಕ್ಸಿ ತಗೊಳ್ಳೋಕೆ ಸಹಾಯಧನ ಇದೆ. ಒಳ್ಳೇದೇ, ಎಷ್ಟೋ ಮನೆ ಅದರಿಂದ ನಡೀತಿದೆ. ಆದರೆ ಯೋಚನೆ ಮಾಡಿ, ಗ್ಲಾಸಿನ ಹಿಂದೆ ಕೂತು ಗಾಡಿ ಓಡಿಸೋಕೆ ನಮಗೆ ಸರ್ಕಾರ ದುಡ್ಡು ಕೊಡುತ್ತೆ, ಗ್ಲಾಸು ಕೂರಿಸೋ ಅಂಗಡಿ ಇಡ್ತೀವಿ ಅಂದರೆ ಅಡಕ್ಕೆ ಸೈಟು ಕೇಳ್ತಾರೆ. ಜಾತಿ ಅಂದ್ರೆ ದುಡಿಯೋರನ್ನೇ ಮೆಟ್ಟಿಲು ಮೆಟ್ಟಿಲಾಗಿ ಒಡೆದಿಡೋದು ಅಂತ 1936ರಲ್ಲೇ ಬಾಬಾಸಾಹೇಬರು ತೋರಿಸಿದರು. ಯಾರು ಯಾವ ಕೆಲಸ ಮಾಡಬಹುದು ಅನ್ನೋ ಆ ಹಳೇ ಪಟ್ಟಿ ಬ್ಯಾಂಕಿನ ಕಂಪ್ಯೂಟರಿನಲ್ಲಿ ಇಲ್ಲ, ಕಂಪ್ಯೂಟರ್ ಮುಂದೆ ಕೂತವರ ತಲೇಲಿ ಇದೆ.

ಅಂಗಡಿ ಶುರುವಾಗಿ ಆರು ತಿಂಗಳಿಗೆ ನಡೆದ ಒಂದು ಘಟನೆ. ಹತ್ತಿರದ ಹಳ್ಳಿಯ ಒಬ್ಬರು ಕಾರು ತಂದರು. ಮಾತಾಡ್ತಾ ಮಾತಾಡ್ತಾ ನಮ್ಮೂರು ಕೇಳಿದರು, ಯಾರ ಮಗ ಕೇಳಿದರು. ಆಮೇಲೆ ಸೀದಾ ಹೋಗಿ ಡ್ಯಾಶ್‌ಬೋರ್ಡ್ ಮೇಲಿದ್ದ ದೇವರ ವಿಗ್ರಹ, ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿ ಟವೆಲಿನಲ್ಲಿ ಸುತ್ತಿ ಕೈಯಲ್ಲಿ ಹಿಡ್ಕೊಂಡರು. ಆಮೇಲೆ ಕೀ ಕೊಟ್ಟರು. ಕೆಲಸ ಮುಗಿಯೋ ತನಕ ಆ ಟವೆಲ್ಲು ಹಿಡ್ಕೊಂಡೇ ಬಿಸಿಲಲ್ಲಿ ನಿಂತಿದ್ದರು. ಸ್ಟೇರಿಂಗು, ಸೀಟು, ಬಾಗಿಲು ಎಲ್ಲಾ ತಮ್ಮ ಮುಟ್ಟಬಹುದು, ದೇವರನ್ನ ಮಾತ್ರ ಮುಟ್ಟಬಾರದು! ತಮ್ಮ ಒಂದು ಮಾತೂ ಆಡಲಿಲ್ಲ. ಗ್ಲಾಸು ಕೂರಿಸಿ, ಒಂದು ದಿನ ನೀರು ಹೊಡೆಯಬೇಡಿ, ಬಾಗಿಲು ಜೋರಾಗಿ ಹಾಕಬೇಡಿ, ಕಿಟಕಿ ಸ್ವಲ್ಪ ಇಳಿಸಿಡಿ ಅಂತ ಎಲ್ಲರಿಗೂ ಹೇಳೋದನ್ನೇ ಅವರಿಗೂ ಹೇಳಿದ. ವರ್ಷದ ಮೇಲೆ ಅದೇ ಮನುಷ್ಯ ಮಗನ ಕಾರು ತಂದರು. ಕೆಲಸ ಚೆನ್ನಾಗಿದೆ ಅಂತ ನಾಲ್ಕು ಜನಕ್ಕೆ ಹೇಳಿದ್ದಾರಂತೆ. ಮಗನ ಕಾರಿನ ದೇವರನ್ನೂ ಟವೆಲಿನಲ್ಲಿ ಸುತ್ತಿ ಹಿಡ್ಕೊಂಡಿದ್ದರು. ವ್ಯಾಪಾರ ಜಾತಿಯನ್ನ ಕರಗಿಸಿಬಿಡುತ್ತೆ ಅನ್ನೋ ಗೆಳೆಯರಿಗೆ ಈ ಟವೆಲ್ಲಿನ ಕಥೆ ಅರ್ಪಣೆ.

ವ್ಯಾಪಾರದ ವಿಷಯ. ಇದನ್ನ ಕಾರಿರೋ ಗೆಳೆಯರು ಕೂಡ ಓದಿ. ಇನ್ಶೂರೆನ್ಸ್ ಕ್ಲೇಮಿನಲ್ಲಿ ಗ್ಲಾಸಿಗೆ ಸವಕಳಿ ಅಂತ ಹಿಡಿಯೋ ಹಾಗಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಶೇ 50 ಹಿಡೀತಾರೆ. 1500 ಸಿಸಿ ಒಳಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ನೀವು ಕೈಯಿಂದ ಹಾಕಲೇಬೇಕು. ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಹೋಗುತ್ತೆ, ಅದು ಐದು ವರ್ಷ ಕ್ಲೇಮ್ ಮಾಡದವರಿಗೆ ಶೇ 50ರವರೆಗೆ ಇರುತ್ತೆ. ಆದ್ದರಿಂದ ಚಿಕ್ಕ ಏಟು ಬಿದ್ದ ತಕ್ಷಣ ಬಂದರೆ ರೆಸಿನ್ ಹಾಕಿ ಕಡಿಮೆ ದುಡ್ಡಿಗೆ ಉಳಿಸಬಹುದು. ಬಿಟ್ಟರೆ ಬೆಳಗ್ಗೆ ನಂದಿ ಬೆಟ್ಟದ ಚಳಿ, ಮಧ್ಯಾಹ್ನದ ಬಿಸಿಲು, ಒಳಗೆ ಎಸಿ, ಇದರಲ್ಲೇ ಬಿರುಕು ಓಡುತ್ತೆ. ಗ್ಲಾಸು ಬದಲಾಯಿಸಿದರೆ ಅದಕ್ಕೆ ಅಂಟಿಸಿದ್ದ ಫಾಸ್ಟ್ಯಾಗೂ ಹೋಗುತ್ತೆ, ಅದನ್ನ ಬೇರೆ ಮಾಡಿಸಬೇಕು. ಕಪ್ಪು ಫಿಲ್ಮ್ ಹಾಕಿಕೊಡಿ ಅಂತ ಬರೋ ಲೀಡರುಗಳ ಹುಡುಗರಿಗೆ ತಮ್ಮ ಇಲ್ಲ ಅಂತಾನೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಿಲ್ಮ್ ಅಂಟಿಸೋದನ್ನ ನಿಲ್ಲಿಸಿತು. ಮುಂದೆ-ಹಿಂದೆ ಗಾಜಿನಲ್ಲಿ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಹಾಯಬೇಕು ಅಂತ ನಿಯಮ ಇದೆ.

ಈ "ಉಳಿಸಬಹುದು" ಅನ್ನೋ ಮಾತೇ ಈಗ ಕಂಪನಿಗೂ ನಮಗೂ ಜಗಳ. ಹೊಸ ಗ್ಲಾಸು ಮಾರಿದರೆ ಕಂಪನಿಗೆ ಲಾಭ, ರೆಸಿನ್ ಹಾಕಿದರೆ ಅಷ್ಟಿಲ್ಲ. ತಿಂಗಳಿಗೆ ಇಷ್ಟು ಗ್ಲಾಸು ಅಂತ ಟಾರ್ಗೆಟ್ಟು. ಏರಿಯಾ ಮ್ಯಾನೇಜರು, "ನೀವು ರಿಪೇರಿ ಜಾಸ್ತಿ ಮಾಡ್ತಿದೀರಿ" ಅಂತ ದೂರು ಹೇಳ್ತಾರೆ. ಚಿಂತಾಮಣಿಯ ಟೊಮ್ಯಾಟೊ ವ್ಯಾಪಾರಿ ಒಬ್ಬರು, ರೇಟು ಬಿದ್ದು ಸರಕು ರಸ್ತೆಗೆ ಸುರಿದು ಬಂದ ದಿನ ಬೊಲೆರೊ ಪಿಕಪ್ ತಂದಿದ್ದರು. ಚಿಕ್ಕ ಏಟು, ಉಳಿಯೋ ಗ್ಲಾಸು. ಅವರ ಹತ್ತಿರ ಹೊಸ ಗ್ಲಾಸಿನ ದುಡ್ಡು ಕೀಳೋಕೆ ತಮ್ಮನ ಕೈ ಬರಲಿಲ್ಲ. ಆ ತಿಂಗಳ ಟಾರ್ಗೆಟ್ಟು ಒಂದು ಗ್ಲಾಸಿನಲ್ಲಿ ತಪ್ಪಿತು. ಆ ವ್ಯಾಪಾರಿ ಆಮೇಲೆ ಕಳಿಸಿದ ಗಾಡಿಗಳು ಹನ್ನೊಂದು.

ಇನ್ನೊಂದು ಜಗಳ ಏಪ್ರಿಲ್ 14ಕ್ಕೆ. ಅಂಗಡಿ ರಜ ಅಂತ ಮೊದಲ ವರ್ಷವೇ ಬರೆದು ಕಳಿಸಿದೆ. ಕಂಪನಿಯ ರಜಾಪಟ್ಟಿಯಲ್ಲಿ ಇಲ್ಲ, "ಅದು ಯಾವ ಹಬ್ಬ?" ಅಂತ ಮೇಲ್ ಬಂತು. ನಾನು ಉತ್ತರ ಬರೆದೆ: "ನೀವು ಕೊಟ್ಟ ಅಗ್ರಿಮೆಂಟು ಯಾವ ದೇಶದ ಕಾನೂನಿನ ಕೆಳಗೆ ನಡೆಯುತ್ತೋ, ಆ ದೇಶದ ಸಂವಿಧಾನದ ಕರಡು ಸಮಿತಿ ಅಧ್ಯಕ್ಷರ ಜಯಂತಿ." ಅದಕ್ಕೆ ಉತ್ತರ ಬರಲಿಲ್ಲ. ಅಂಗಡಿ ಪ್ರತೀ ವರ್ಷ ಮುಚ್ಚಿರುತ್ತೆ.

ಈಗ ನಿಜವಾದ ವಿಷಯ. ಮೂರು ವರ್ಷದ ಅಗ್ರಿಮೆಂಟು ಮುಂದಿನ ತಿಂಗಳು ಮುಗಿಯುತ್ತೆ. ಹೊಸ ಕರಡು ಬಂದಿದೆ. ಅದರಲ್ಲಿ ಚಿಂತಾಮಣಿ, ಶಿಡ್ಲಘಟ್ಟ ನಮ್ಮಿಂದ ತೆಗೆದಿದ್ದಾರೆ. ದುಡ್ಡಿರೋ ಬೇರೆ ಯಾರಿಗೋ ಕೊಡ್ತಾರಂತೆ. ಮೂರು ವರ್ಷ ಬೈಕಲ್ಲಿ ಗ್ಯಾರೇಜು ಗ್ಯಾರೇಜು ಅಲೆದು ಗಿರಾಕಿ ಹುಟ್ಟಿಸಿದ್ದು ನಾವು, ಬೆಳೆ ಬಂದ ಮೇಲೆ ಹೊಲ ಇನ್ನೊಬ್ಬರಿಗೆ. ನಮ್ಮ ತಾತ ಮುತ್ತಾತಂದಿರಿಗೆ ಈ ಪದ್ಧತಿ ಹೊಸದಲ್ಲ. ಜೊತೆಗೆ ಒಂದು ಷರತ್ತು: ಬಿಟ್ಟು ಹೋದರೆ ಎರಡು ವರ್ಷ ಈ ಜಿಲ್ಲೆಯಲ್ಲಿ ಇದೇ ಕೆಲಸ ಮಾಡಬಾರದು. ಹಳೇ ಅಗ್ರಿಮೆಂಟಿನಲ್ಲೂ ಅದು ಇತ್ತು.

ತಮ್ಮ ಹೆದರಿದ್ದ. "ನನಗೆ ಬೇರೆ ಕೆಲಸ ಬರಲ್ಲ ಅಕ್ಕಾ" ಅಂದ. ನಾನು ವಕೀಲ ಗೆಳೆಯರ ಜೊತೆ ಕೂತು ಓದಿದೆ. ಫ್ರಾಂಚೈಸಿ ಅಂತ ನಮ್ಮ ದೇಶದಲ್ಲಿ ಬೇರೆ ಕಾನೂನೇ ಇಲ್ಲ, ಎಲ್ಲಾ 1872ರ ಕರಾರು ಕಾಯ್ದೆಯಲ್ಲೇ ನಡೀಬೇಕು. ಆ ಕಾಯ್ದೆಯ 27ನೇ ಕಲಂ ಪ್ರಕಾರ ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯೋ ಕರಾರು ಆ ಮಟ್ಟಿಗೆ ಅನೂರ್ಜಿತ. ಅಗ್ರಿಮೆಂಟು ಚಾಲ್ತಿಯಲ್ಲಿ ಇರೋ ತನಕ ಬೇರೆ ಕಂಪನಿ ಮಾಲು ಮಾರಬೇಡ ಅನ್ನಬಹುದು. 1995ರಲ್ಲಿ ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತನ್ನ ಒಪ್ಪಿದೆ. ಮುಗಿದ ಮೇಲೂ ನಿನ್ನ ಕೈ ಕಟ್ಟಿಹಾಕ್ತೀವಿ ಅಂದರೆ ನಮ್ಮ ಕೋರ್ಟುಗಳು ಒಪ್ಪೋದಿಲ್ಲ. ಅವರ ಬೋರ್ಡು, ಬಣ್ಣ, ಹೆಸರು ನಾವು ಬಳಸೋ ಹಾಗಿಲ್ಲ, ಅದು ಸರಿಯೇ. ಕೆಲಸ ತಮ್ಮನದು. ಅದನ್ನ ಅವನು ಕಲಿತದ್ದು ಈ ಕಂಪನಿಗೆ ಬರೋದಕ್ಕೆ ಮುಂಚೆ.

ಇದನ್ನ ಓದಿ ಹೇಳಿದ ರಾತ್ರಿ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ನಾಲ್ಕೂ ತಾಲ್ಲೂಕು ಕೊಟ್ಟರೆ ಸಹಿ, ಇಲ್ಲಾಂದ್ರೆ ನಮ್ಮ ಬೋರ್ಡು" ಅಂದ. ಇನ್ಶೂರೆನ್ಸ್ ಗಿರಾಕಿ ಅರ್ಧ ಹೋಗ್ತಾರೆ, ಸಾಲದ ಕಂತು ಇನ್ನೂ ಇದೆ, ಹುಡುಗರಿಗೆ ಸಂಬಳ ಕೊಡಬೇಕು. ಎಲ್ಲಾ ಅವನಿಗೆ ಗೊತ್ತು. ಆದರೂ ಅಂದ. ಅದನ್ನೇ ಕಂಪನಿಗೆ ಬರೆದು ಕಳಿಸಿದ್ದೀವಿ: ನಾಲ್ಕು ತಾಲ್ಲೂಕು, ಉಳಿಯೋ ಗ್ಲಾಸು ಉಳಿಸೋ ಸ್ವಾತಂತ್ರ್ಯ, ಏಪ್ರಿಲ್ 14 ರಜಾಪಟ್ಟಿಯಲ್ಲಿ.

ಚಳವಳಿ ಗೆಳೆಯರಿಗೆ ನನ್ನ ಉತ್ತರ ಇಷ್ಟು. ಅಂಗಡಿಯಿಂದ ವಿಮೋಚನೆ ಆಗುತ್ತೆ ಅಂತ ನಾನು ಹೇಳಲ್ಲ. 2005ರಲ್ಲಿ ದಲಿತ ಉದ್ಯಮಿಗಳ ಚೇಂಬರು ಡಿಕ್ಕಿ ಹುಟ್ಟಿದಾಗಿನಿಂದ ಈ ಚರ್ಚೆ ನಡೀತಾನೇ ಇದೆ. ನಾಲ್ಕು ಜನ ಕೋಟ್ಯಧೀಶರಾದರೆ ಕಾಲೋನಿಗೆ ನೀರು ಬರಲ್ಲ, ಭೂಮಿ ಪ್ರಶ್ನೆ ಹಾಗೇ ಇರುತ್ತೆ. ಆದರೆ ನಮ್ಮ ಅಂಗಡಿಯಲ್ಲಿ ಇವತ್ತು ನಾಲ್ಕು ಜನ ಇದ್ದಾರೆ. ಇಬ್ಬರು ಕ್ರಷರ್ ಬಿಟ್ಟು ಬಂದವರು, ಒಬ್ಬ ಗೌರಿಬಿದನೂರಿನ ಐಟಿಐ ಹುಡುಗ, ಕೌಂಟರಿಗೆ ಶಿಡ್ಲಘಟ್ಟದ ಒಬ್ಬ ಹುಡುಗಿ. ಎಲ್ಲರಿಗೂ ಗ್ಲೌಸು, ಕನ್ನಡಕ, ಮಾಸ್ಕು, ಅಪಘಾತ ವಿಮೆ, ತಿಂಗಳು ಮುಗಿಯೋ ದಿನ ಸಂಬಳ. ಅವರನ್ನ ಯಾರೂ "ಏಯ್" ಅಂತ ಕರೆಯೋ ಹಾಗಿಲ್ಲ, ಗಿರಾಕಿಯೂ ಕೂಡ. ಇಷ್ಟು ಮಾತ್ರ ನಮ್ಮ ಕೈಲಿತ್ತು, ಮಾಡಿದ್ದೀವಿ.

ಮಕ್ಕಳಿಗೆ ಅಂಗಡಿ ಹಾಕಿಸಬೇಕು ಅನ್ನೋ ಅಣ್ಣ-ಅಕ್ಕಂದಿರಿಗೆ ಕೆಲವು ಮಾತು:

ಮೊದಲು ಕೆಲಸ ಕಲಿಸಿ, ಆಮೇಲೆ ಬೋರ್ಡು. ದುಡ್ಡಿದೆ ಅಂತ ಫ್ರಾಂಚೈಸಿ ತಗೊಂಡು ಕೆಲಸಗಾರರನ್ನ ನಂಬಿ ಕೂತರೆ ಅವರು ಬಿಟ್ಟ ದಿನ ಶಟರ್ ಎಳೀಬೇಕಾಗುತ್ತೆ.

ಸಾಲಕ್ಕೆ ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಇಲ್ಲ ಅಂದರೆ ಕಾರಣ ಬರೆದುಕೊಡಿ ಅಂತ ಕೇಳಿ. ಬರೆದುಕೊಡೋ ಮಾತು ಬಂದ ತಕ್ಷಣ ಎಷ್ಟೋ "ಇಲ್ಲ"ಗಳು "ನೋಡೋಣ" ಆಗ್ತವೆ.

ಉದ್ಯಮ್ ನೋಂದಣಿ ಮಾಡಿಸುವಾಗ ಬರೀ ಮಾರಾಟ ಅಂತ ಹಾಕಬೇಡಿ, ರಿಪೇರಿ ಸೇವೆ ಅಂತ ಹಾಕಿಸಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ದೊಡ್ಡವರು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತಿದೆ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮ ಬಾಕಿ ತಿಂಗಳುಗಟ್ಟಲೆ ನಿಂತಾಗ ಈ ಕಲಂ ಹಾಕಿ ಒಂದು ಪತ್ರ ಬರೆದೆ, ಹತ್ತು ದಿನಕ್ಕೆ ಬಂತು.

ಅಗ್ರಿಮೆಂಟು ಪೂರ್ತಿ ಓದಿ. ಇಂಗ್ಲಿಷಲ್ಲಿರುತ್ತೆ, ಸಣ್ಣ ಅಕ್ಷರ ಇರುತ್ತೆ. ಏರಿಯಾ ಯಾರದು, ಟಾರ್ಗೆಟ್ಟು ಎಷ್ಟು, ಡೆಪಾಸಿಟ್ಟು ಯಾವಾಗ ವಾಪಸ್ಸು, ಬಿಟ್ಟರೆ ಏನು, ಈ ನಾಲ್ಕಕ್ಕೆ ಉತ್ತರ ಸಿಗೋ ತನಕ ಸಹಿ ಹಾಕಬೇಡಿ. ಓದೋಕೆ ಯಾರೂ ಇಲ್ಲ ಅಂದರೆ ನನಗೆ ಕಳಿಸಿ. ಭಾನುವಾರ ಸಂಜೆ ಕೂತು ಓದಿ ಹೇಳ್ತೀನಿ, ಫೀಸು ಒಂದು ಟೀ.

ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಬರೀತೀನಿ. ಅಷ್ಟರಲ್ಲಿ ಹೈವೇಲಿ ಟಿಪ್ಪರ್ ಹಿಂದೆ ದೂರ ಇಟ್ಕೊಂಡು ಗಾಡಿ ಓಡಿಸಿ, ಡ್ರೈವರನ್ನ ಬೈಬೇಡಿ.

ಜೈ ಭೀಮ್.